ಬೂದಿ ರೋಗಕ್ಕೆ ಅಡುಗೆಮನೆ ಮದ್ದು

ಮಳೆಗಾಲ ಮುಗಿದು ಇಬ್ಬನಿ ಬೀಳುವ ದಿನಗಳಲ್ಲಿ ಕುಂಬಳ, ಸೌತೆ, ಗುಲಾಬಿ ಎಲೆಗಳ ಮೇಲೆ ಹಿಟ್ಟು ಉದುರಿಸಿದಂಥ ಬಿಳಿ ಮಚ್ಚೆ ಕಂಡರೆ ಅದು ಬೂದಿ ರೋಗ. ಕೈತೋಟದ ರೋಗಗಳಲ್ಲಿ ಮನೆಮದ್ದಿಗೆ ಚೆನ್ನಾಗಿ ಬಗ್ಗುವುದು ಇದು. ಈ ಶಿಲೀಂಧ್ರ ಬಹುಪಾಲು ಎಲೆಯ ಮೇಲೆಯೇ ಹರಡುತ್ತದೆ. ಸಾರ ಹೀರುವ ಎಳೆಗಳನ್ನಷ್ಟೇ ಒಳಗೆ ಇಳಿಸುತ್ತದೆ. ಹೀಗಾಗಿ ಸಿಂಪಡಿಸಿದ್ದು ನೇರವಾಗಿ ಅದಕ್ಕೇ ತಾಗುತ್ತದೆ.

ಹಾಲು: ಒಂದು ಪಾಲು ಹಸುವಿನ ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ವಾರಕ್ಕೊಮ್ಮೆ ಸಿಂಪಡಿಸಿ. ಬ್ರೆಜಿಲ್‌ನ ವಿಜ್ಞಾನಿ ವ್ಯಾಗ್ನರ್ ಬೆಟ್ಟಿಯೊಲ್ 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹಸಿರುಮನೆಯ ಜುಕಿನಿ ಗಿಡಗಳ ಬೂದಿ ರೋಗವನ್ನು ಇಷ್ಟು ತೆಳುವಾದ ಹಾಲೇ ಹತೋಟಿಗೆ ತಂದಿತ್ತು. ಗಟ್ಟಿ ಹಾಲು ಹಾಕಿದರೆ ಎಲೆ ಮೇಲೆ ಬೇರೆ ಬೂಷ್ಟು ಬೆಳೆದು ವಾಸನೆ ಬರುತ್ತದೆ. ನಮ್ಮಲ್ಲಿ ಹುಳಿ ಮಜ್ಜಿಗೆ ಸಿಂಪಡಿಸುವ ರೂಢಿಯೂ ಇದೆ. ಅದನ್ನೂ ತೆಳುವಾಗಿಸಿ, ಬಟ್ಟೆಯಲ್ಲಿ ಸೋಸಿಕೊಳ್ಳಿ, ಇಲ್ಲದಿದ್ದರೆ ಸ್ಪ್ರೇಯರ್ ಕಟ್ಟಿಕೊಳ್ಳುತ್ತದೆ.

ಅಡುಗೆ ಸೋಡ: ಒಂದು ಲೀಟರ್ ನೀರಿಗೆ ಒಂದು ಸಣ್ಣ ಚಮಚ, ಅಂದರೆ ಸುಮಾರು 5 ಗ್ರಾಂ. ದ್ರಾವಣ ಎಲೆಗೆ ಅಂಟಲು ನಾಲ್ಕೈದು ಹನಿ ಸೋಪಿನ ದ್ರವ. ಸೋಡದ ಕ್ಷಾರಗುಣಕ್ಕೆ ಶಿಲೀಂಧ್ರ ಸೊರಗುತ್ತದೆ. ಪ್ರಮಾಣ ಹೆಚ್ಚಿದರೆ ಎಲೆಯ ಅಂಚು ಸುಡುತ್ತದೆ; ಪದೇ ಪದೇ ಹಾಕಿದರೆ ಕುಂಡದ ಮಣ್ಣಿನಲ್ಲಿ ಸೋಡಿಯಂ ಸೇರಿಕೊಳ್ಳುತ್ತದೆ. ಬಟ್ಟೆ ಸೋಡ ಬೇಡವೇ ಬೇಡ. ಮಜ್ಜಿಗೆಗೆ ಅಡುಗೆ ಸೋಡ ಬೆರೆಸಲೂಬಾರದು: ಹುಳಿಯೂ ಕ್ಷಾರವೂ ಕೂಡಿ ನೊರೆ ಎದ್ದು ಎರಡರ ಗುಣವೂ ಹೋಗುತ್ತದೆ.

ಯಾವುದನ್ನೇ ಆಗಲಿ, ಮೊದಲು ಎರಡು ಎಲೆಗೆ ಹಾಕಿ ಒಂದೆರಡು ದಿನ ನೋಡಿ. ಬಿಸಿಲೇರುವ ಮುನ್ನ, ಎಲೆಯ ಎರಡೂ ಬದಿ ನೆನೆಯುವಂತೆ ಸಿಂಪಡಿಸಿ. ಮಳೆ ತೊಳೆದರೆ ಮತ್ತೆ ಹಾಕಬೇಕು. ಮಚ್ಚೆ ಕಂಡ ಕೂಡಲೇ ಶುರು ಮಾಡಿದರೆ ಫಲ. ಎಲೆ ಪೂರ್ತಿ ಬೆಳ್ಳಗಾದ ಮೇಲೆ ಕಿತ್ತು ತೋಟದಿಂದ ಆಚೆ ಹಾಕುವುದೇ ಸರಿ.

ಬೇರೆ ರೋಗಗಳಿಗೆ ಈ ಮದ್ದು ನಡೆಯುವುದಿಲ್ಲ. ಕರಿಬೇವಿನ ಎಲೆಗೆ ಮಸಿ ಹಿಡಿದಿದ್ದರೆ, ಆ ಬೂಷ್ಟು ಬೆಳೆಯುವುದು ಹೇನು, ಹಿಟ್ಟು ತಿಗಣೆಗಳಂಥ ಕೀಟಗಳು ಸುರಿಸುವ ಸಿಹಿ ಅಂಟಿನ ಮೇಲೆ. ಅಲ್ಲಿ ಕೀಟ ತೊಲಗಬೇಕು: ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಸ್ವಲ್ಪ ಸೋಪು, ಸಂಜೆ ಹೊತ್ತು. ಬೆಂಡೆ ಎಲೆಯ ನರಗಳು ಹಳದಿಯಾದರೆ ಅದು ಬಿಳಿ ನೊಣ ಹರಡುವ ವೈರಸ್; ಗಿಡ ಕಿತ್ತು ಹಾಕಿ ಉಳಿದವನ್ನು ಉಳಿಸಿಕೊಳ್ಳಿ. ಮಣ್ಣು ಹಸಿಯಾಗಿದ್ದರೂ ಟೊಮೆಟೊ ದಿಢೀರನೆ ಬಾಡಿದರೆ ರೋಗ ಬೇರಿನಲ್ಲೋ ಕಾಂಡದಲ್ಲೋ ಇದೆ. ಎಲೆಗೆ ಹಾಕಿದ್ದು ಅಲ್ಲಿಗೆ ಮುಟ್ಟದು.

ಬೂದಿ ರೋಗದ ಬೀಜಕಣಗಳು ಗಾಳಿಯಲ್ಲಿ ಹರಡುತ್ತವೆ. ಮೊಳೆಯಲು ಎಲೆ ಒದ್ದೆಯಾಗಿರಬೇಕೆಂದೂ ಇಲ್ಲ. ಒತ್ತೊತ್ತಾದ, ನೆರಳಿನ, ಸಾರಜನಕದ ಗೊಬ್ಬರ ಹೆಚ್ಚಾಗಿ ಸೊಕ್ಕಿದ ಗಿಡಕ್ಕೇ ಅದರ ಕಾಟ ಹೆಚ್ಚು. ಕುಂಡಗಳ ನಡುವೆ ಗಾಳಿಯಾಡಲು ಜಾಗ ಬಿಟ್ಟು, ಬಿಸಿಲು ಬೀಳುವಂತೆ ಸವರಿದರೆ ಸಿಂಪಡಣೆಯ ಕೆಲಸ ಅರ್ಧ ಉಳಿಯುತ್ತದೆ.