ವಾಷಿಂಗ್ ಮೆಷಿನ್‌ಗೆ ನೀರು ಬರುತ್ತಿಲ್ಲವೇ?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಸಹೋದರಿಯರೇ, ನಳದಲ್ಲಿ ನೀರಿದ್ದರೂ ವಾಷಿಂಗ್ ಮೆಷಿನ್ ತುಂಬುತ್ತಿಲ್ಲವೇ? ಮೆಕ್ಯಾನಿಕ್‌ಗೆ ಹಣ ತೆರುವ ಮುನ್ನ ಅದರ ಜಾಲರಿ ನೋಡಿ. ಕೃಷ್ಣಾ, ಘಟಪ್ರಭಾ ನದಿ ನೀರಿನ ಕೆಸರಾಗಲಿ, ಬೋರ್‌ವೆಲ್ ನೀರಿನ ಸುಣ್ಣದಂಶವಾಗಲಿ ಕಟ್ಟಿಕೊಳ್ಳುವುದು ಅಲ್ಲಿಯೇ.

ಮೊದಲು ಪ್ಲಗ್ ತೆಗೆದು, ನಳ ಮುಚ್ಚಿರಿ. ಮೆಷಿನ್ ಹಿಂಬದಿಯ ನೀರಿನ ಪೈಪ್ ಬಿಚ್ಚಿದರೆ ಪುಟ್ಟ ಜಾಲರಿ ಕಾಣುತ್ತದೆ. ಇಕ್ಕಳದಿಂದ ಮೆಲ್ಲಗೆ ಹೊರತೆಗೆದು ಹಳೆಯ ಬ್ರಷ್‌ನಿಂದ ತಿಕ್ಕಿರಿ. ಸುಣ್ಣ ಬಿಡದಿದ್ದರೆ ಲಿಂಬೆರಸದಲ್ಲಿ ನೆನೆಸಿ ತೊಳೆಯಿರಿ. ಮರಳಿ ಕೂರಿಸಲು ಮರೆಯಬೇಡಿ. ಇಲ್ಲವಾದರೆ ಮರಳು ಒಳಹೊಕ್ಕು ವಾಲ್ವ್ ಕೆಡಬಹುದು.

ಆಮೇಲೂ ನೀರು ಸಣ್ಣಗೆ ಬಂದರೆ ಟ್ಯಾಂಕಿನ ಎತ್ತರ ನೋಡಿ. ಕೈಪಿಡಿಯಲ್ಲಿ 0.3 ಬಾರ್ ಒತ್ತಡ ಬೇಕೆಂದಿದ್ದರೆ ಟ್ಯಾಂಕ್ ಮೆಷಿನ್‌ಗಿಂತ ಸುಮಾರು 3 ಮೀಟರ್ ಮೇಲಿರಬೇಕು. ವಿದ್ಯುತ್ ಭಾಗಗಳನ್ನು ಮಾತ್ರ ಮುಟ್ಟದೆ ಮೆಕ್ಯಾನಿಕ್‌ಗೇ ಬಿಡಿ.