ಬಸ್ಸಿನ ಮರೆಯಲ್ಲಿ ಕಳೆದುಹೋಗುವ ಎಚ್ಚರಿಕೆ

ಒಂದು ಮಳೆಗಾಲದ ಸಂಜೆ ಹೆಬ್ಬಾಳದ ಮೇಲುಸೇತುವೆ ಇಳಿಯುತ್ತಿದ್ದೆ. ಮುಂದೊಂದು ಬಸ್ಸು, ಅದರಾಚೆ ಏನೂ ಕಾಣದು. ಬಸ್ಸು ಥಟ್ಟನೆ ನಿಂತಿತು. ಅದರ ಬೆನ್ನಿಗೆ ಗೇಣುದ್ದ ದೂರದಲ್ಲಿ ನನ್ನ ಕಾರೂ ನಿಂತಿತು. ಬಸ್ಸಿನ ಮುಂದೆ ಸ್ಕೂಟರೊಂದು ಜಾರಿ ಬಿದ್ದಿತ್ತು. ಸವಾರ ಎದ್ದು ನಿಂತದ್ದನ್ನು ಕಂಡ ಮೇಲೆಯೇ ನನ್ನ ಕೈನಡುಕ ನಿಂತದ್ದು.

ವಾಹನಗಳು ಪರಸ್ಪರ ಮಾತನಾಡಬೇಕೆಂದು ತಂತ್ರಜ್ಞರು ಬಯಸುವುದು ಇಂಥ ಗಳಿಗೆಗಾಗಿಯೇ. ಪ್ರತಿ ವಾಹನವೂ ತನ್ನ ಸ್ಥಾನ, ವೇಗ, ದಿಕ್ಕುಗಳನ್ನು ಸೆಕೆಂಡಿಗೆ ಸುಮಾರು 10 ಬಾರಿ ನಿಸ್ತಂತುವಾಗಿ ಸಾರಬೇಕೆಂಬುದು ಯೋಜನೆ. ಇದಕ್ಕಾಗಿ ಅಮೆರಿಕ 1999ರಲ್ಲೇ 5.9 ಗಿಗಾಹರ್ಟ್ಸ್ ವಲಯದಲ್ಲಿ 75 ಮೆಗಾಹರ್ಟ್ಸ್ ತರಂಗಾಂತರವನ್ನು ಮೀಸಲಿಟ್ಟಿತು. ಬಳಕೆ ನಿರೀಕ್ಷೆಯಂತೆ ಬೆಳೆಯಲಿಲ್ಲ. 2020ರಲ್ಲಿ ಅದರೊಳಗಿನ 45 ಮೆಗಾಹರ್ಟ್ಸನ್ನು ವೈ-ಫೈನಂಥ ಬಳಕೆಗೆ ಬಿಟ್ಟುಕೊಡಲು ತೀರ್ಮಾನಿಸಿತು.

ಚಿಕ್ಕ ಸಂದೇಶಗಳಿಗೆ ಈ ವಲಯ ಸಾಕು. ಆದರೆ ಬಸ್ಸಿನ ಕ್ಯಾಮೆರಾ ಕಂಡ ದೃಶ್ಯವೇ ಹಿಂದಿನ ಕಾರಿಗೆ ತಡವಿಲ್ಲದೆ ತಲುಪಬೇಕೆಂದರೆ ಅತಿವೇಗದ ಸಂಪರ್ಕ ಬೇಕು. ಅದಕ್ಕೆ 60 ಗಿಗಾಹರ್ಟ್ಸ್ ಆಸುಪಾಸಿನ ಮಿಲಿಮೀಟರ್ ತರಂಗಗಳತ್ತ ಸಂಶೋಧಕರು ನೋಡುತ್ತಿದ್ದಾರೆ. ಜಗದೀಶಚಂದ್ರ ಬೋಸರು 1890ರ ದಶಕದಲ್ಲಿ ಕೋಲ್ಕತ್ತದಲ್ಲಿ ಪ್ರಯೋಗಿಸಿದ್ದು ಇದೇ ಜಾತಿಯ ತರಂಗಗಳನ್ನು. ಇವು ಹೊರುವ ಹೊರೆ ದೊಡ್ಡದು. ಸ್ವಭಾವ ಮಾತ್ರ ನಾಜೂಕು. ಟಾರ್ಚಿನ ಬೆಳಕಿನಂತೆ ಕಿರಿದಾದ ಕಿರಣವಾಗಿ ಗುರಿಯಿಟ್ಟು ಕಳಿಸಬೇಕು. ನಡುವೆ ಬಸ್ಸೊಂದು ನುಗ್ಗಿದರೆ ಕಿರಣ ಕಡಿಯುತ್ತದೆ. ಕಣ್ಣಿಗೆ ಅಡ್ಡವಾಗುವ ಬಸ್ಸೇ ತರಂಗಕ್ಕೂ ಅಡ್ಡ!

5.9ರ ವಲಯದ ಕಷ್ಟ ಬೇರೆ. ದಟ್ಟಣೆಯ ವೃತ್ತದಲ್ಲಿ ನೂರಾರು ವಾಹನಗಳು ಒಟ್ಟಿಗೇ ಸಾರತೊಡಗಿದರೆ ಸಂದೇಶಗಳು ಒಂದರ ಮೇಲೊಂದು ಬಿದ್ದು ಕೆಡುತ್ತವೆ, ಸಂತೆಯ ಗದ್ದಲದಲ್ಲಿ ಕೂಗು ಕೇಳದಂತೆ.

ಪರಿಹಾರಗಳು ಇಲ್ಲವೆಂದಲ್ಲ. ದಟ್ಟಣೆ ಹೆಚ್ಚಿದಂತೆ ಸಂದೇಶಗಳ ಸಂಖ್ಯೆಯನ್ನು ತಗ್ಗಿಸಬಹುದು. ಅಡ್ಡಬಂದ ಬಸ್ಸೇ ಮುಂದಿನಿಂದ ಪಡೆದದ್ದನ್ನು ಹಿಂದಕ್ಕೆ ದಾಟಿಸಬಹುದು. ಕಿರಣ ಕಡಿದಾಗ ಕನಿಷ್ಠ ಎಚ್ಚರಿಕೆಯಾದರೂ ಕೆಳಗಿನ ವಲಯದಲ್ಲಿ ಬರುವಂತೆ ಎರಡನ್ನೂ ಜೋಡಿಸಬಹುದು. ದೂರವಾಣಿ ಕರೆ ಕಡಿದರೆ ಮತ್ತೆ ಮಾಡಿದರಾಯಿತು. ಗಂಟೆಗೆ 60 ಕಿ.ಮೀ. ವೇಗದ ಕಾರು ಒಂದೇ ಸೆಕೆಂಡಿನಲ್ಲಿ 16 ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ.

ಹೀಗಾಗಿ ನನ್ನ ಆತಂಕ ವೇಗದ ಕುರಿತಲ್ಲ. ಸಂಪರ್ಕ ತಪ್ಪಿದ ಕಾರು ಸುಮ್ಮನಿರುತ್ತದೆ. ಚಾಲಕ ಅದನ್ನು ರಸ್ತೆ ಖಾಲಿಯೆಂದು ತಿಳಿಯುತ್ತಾನೆ. ಸಂಪರ್ಕ ಕಡಿದಿದೆ ಎಂದು ಹೇಳುವುದನ್ನೂ ಯಂತ್ರ ಕಲಿಯಬೇಕು. ಬೆಂಗಳೂರಿನ ವಾಹನಗಳಲ್ಲಿ ಅರ್ಧಕ್ಕೂ ಹೆಚ್ಚು ದ್ವಿಚಕ್ರಗಳು. ಸಂದೇಶವನ್ನೇ ಸಾರದ ಸ್ಕೂಟರು ಈ ವ್ಯವಸ್ಥೆಯ ಪಾಲಿಗೆ ಇಲ್ಲದಂತೆಯೇ. ಖಾಲಿ ಪರೀಕ್ಷಾ ಪಥದಲ್ಲಿ ಗೆದ್ದ ಸಾಧನವನ್ನು ನಮ್ಮ ಸಂಜೆಯ ದಟ್ಟಣೆಯಲ್ಲಿ, ಮಳೆಯಲ್ಲಿ, ಬಸ್ಸು ಟ್ಯಾಂಕರುಗಳ ನಡುವೆ ಪರೀಕ್ಷಿಸಿದ ಬಳಿಕವೇ ನಂಬಬೇಕು.

ಅಲ್ಲಿಯವರೆಗೆ ಬಸ್ಸಿನ ಹಿಂದೆ ಇನ್ನೂ ನಾಲ್ಕು ಮಾರು ಅಂತರ ಬಿಟ್ಟೇ ಓಡಿಸುತ್ತೇನೆ.