ಮೋಟಾರ್ ಸೈಕಲ್ ವೈರಿಂಗ್ ದೋಷಗಳು: ಪತ್ತೆ ಮತ್ತು ಮುನ್ನೆಚ್ಚರಿಕೆ

ಅಂಗಡಿಯಿಂದ ಗ್ರಾಹಕರ ಮನೆಗೆ ಸರಕು ತಲುಪಿಸುವುದು, ಬಾಕಿ ವಸೂಲಿಗೆ ಹೋಗುವುದು, ಕಾರ್ಖಾನೆಗೆ ತುರ್ತಾಗಿ ಬೇಕಾದ ಬಿಡಿಭಾಗ ತರುವುದು ಮುಂತಾದ ದಿನನಿತ್ಯದ ಕೆಲಸಗಳಿಗೆ ಸಣ್ಣ ವ್ಯಾಪಾರಿಗಳೂ ಕಿರು ಉದ್ದಿಮೆದಾರರೂ ಬಹುಮಟ್ಟಿಗೆ ಮೋಟಾರ್ ಸೈಕಲನ್ನೇ ಅವಲಂಬಿಸಿದ್ದಾರೆ. ವಾಹನ ಒಂದು ದಿನ ನಿಂತರೆ ದುರಸ್ತಿಯ ಖರ್ಚಿನ ಜೊತೆಗೆ ಆ ದಿನದ ವಹಿವಾಟೂ ಕೈತಪ್ಪುತ್ತದೆ. ಇಂಜಿನ್ನಿನ ದೋಷಗಳು ಸಾಮಾನ್ಯವಾಗಿ ಶಬ್ದದ ಮೂಲಕವೋ ಹೊಗೆಯ ಮೂಲಕವೋ ಮುನ್ಸೂಚನೆ ನೀಡುತ್ತವೆ. ವಿದ್ಯುತ್ ದೋಷಗಳಾದರೋ ಒಮ್ಮೆ ಕಾಣಿಸಿಕೊಂಡು ಮತ್ತೊಮ್ಮೆ ಮರೆಯಾಗುತ್ತವೆ. ಆದ್ದರಿಂದಲೇ ಇವುಗಳ ವಿಷಯದಲ್ಲಿ ಊಹೆಯ ಮೇಲೆ ಬ್ಯಾಟರಿ, ರೆಗ್ಯುಲೇಟರ್, ಸ್ಟಾರ್ಟರ್ ಮೋಟಾರ್ ಎಂದು ಒಂದೊಂದನ್ನೇ ಬದಲಾಯಿಸಿ ಹಣ ವ್ಯಯಿಸುವ ಪ್ರಸಂಗಗಳು ಹೆಚ್ಚು. ವಾಸ್ತವವಾಗಿ ಅನೇಕ ಸಂದರ್ಭಗಳಲ್ಲಿ ದೋಷವಿರುವುದು ಬೆಲೆಬಾಳುವ ಭಾಗದಲ್ಲಲ್ಲ, ಆ ಭಾಗಕ್ಕೆ ತಂತಿ ಸೇರುವ ಜೋಡಣೆಯಲ್ಲಿ.

ಬದಲಾದ ಪರಿಸ್ಥಿತಿ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಹಳೆಯ ಜಾವಾ ವಾಹನಗಳಲ್ಲಿ 6 ವೋಲ್ಟ್‌ನ ಸರಳ ವ್ಯವಸ್ಥೆಯಿತ್ತು. ಇಡೀ ವೈರಿಂಗನ್ನು ಅನುಭವಿ ಮೆಕ್ಯಾನಿಕ್ ಬಾಯಿಪಾಠವಾಗಿ ಬಲ್ಲವನಾಗಿದ್ದನು. ಮುಂದೆ 12 ವೋಲ್ಟ್‌ನ ವ್ಯವಸ್ಥೆ, ಸೆಲ್ಫ್ ಸ್ಟಾರ್ಟ್ ಮೊದಲಾದವು ರೂಢಿಗೆ ಬಂದವು. 2017ರ ಏಪ್ರಿಲ್ 1ರಿಂದ ತಯಾರಾಗುವ ದ್ವಿಚಕ್ರ ವಾಹನಗಳಿಗೆ, ಇಂಜಿನ್ ಚಾಲನೆಯಲ್ಲಿರುವವರೆಗೂ ಮುಂದೀಪ ತಾನಾಗಿ ಉರಿಯುವ ವ್ಯವಸ್ಥೆ ಕಡ್ಡಾಯವಾಯಿತು. 2020ರ ಏಪ್ರಿಲ್ 1ರಂದು ಭಾರತ್ ಸ್ಟೇಜ್ 6 ನಿಯಮ ಜಾರಿಗೆ ಬಂದ ಮೇಲೆ ಬಹುತೇಕ ಮಾದರಿಗಳಲ್ಲಿ ಕಾರ್ಬ್ಯುರೇಟರಿನ ಸ್ಥಾನವನ್ನು ಫ್ಯುಯೆಲ್ ಇಂಜೆಕ್ಷನ್ ಆಕ್ರಮಿಸಿತು. ಪೆಟ್ರೋಲ್ ಪಂಪ್, ಇಂಜೆಕ್ಟರ್, ಸೆನ್ಸರ್‌ಗಳು ಹಾಗೂ ಇವೆಲ್ಲವನ್ನೂ ನಿಯಂತ್ರಿಸುವ ಇಸಿಯು ವಿದ್ಯುತ್ತಿಲ್ಲದೆ ಕೆಲಸ ಮಾಡಲಾರವು. ಹಿಂದೆ ಬ್ಯಾಟರಿ ಸತ್ತರೂ ಕಿಕ್ ಹೊಡೆದು ಮನೆ ಸೇರಬಹುದಾಗಿತ್ತು. ಈಗಿನ ಹಲವು ಮಾದರಿಗಳಲ್ಲಿ ಆ ಅನುಕೂಲವಿಲ್ಲ.

ಜೋಡಣೆಯ ಲೆಕ್ಕ

12 ವೋಲ್ಟ್‌ನ ವ್ಯವಸ್ಥೆಯಲ್ಲಿ 35 ವ್ಯಾಟ್‌ನ ಹ್ಯಾಲೊಜೆನ್ ದೀಪ ಸುಮಾರು 3 ಆಂಪಿಯರ್ ವಿದ್ಯುತ್ತನ್ನು ಸೆಳೆಯುತ್ತದೆ. ದಾರಿಯಲ್ಲಿರುವ ಒಂದು ಕನೆಕ್ಟರ್ ಕಿಲುಬು ಹಿಡಿದು ಅರ್ಧ ಓಮ್‌ನಷ್ಟು ರೋಧ ಒಡ್ಡಿದರೆ ಸುಮಾರು ಒಂದೂವರೆ ವೋಲ್ಟ್ ಅಲ್ಲಿಯೇ ನಷ್ಟವಾಗುತ್ತದೆ. ದೀಪದ ಬೆಳಕು ಸುಮಾರು ಮೂರನೆಯ ಒಂದು ಭಾಗದಷ್ಟು ಕುಂದುತ್ತದೆ. ನಷ್ಟವಾದ ವಿದ್ಯುತ್ತು ನಾಲ್ಕು ವ್ಯಾಟ್‌ನಷ್ಟು ಶಾಖವಾಗಿ ಆ ಪುಟ್ಟ ಕನೆಕ್ಟರಿನೊಳಗೆ ಸೇರುತ್ತದೆ. ಶಾಖದಿಂದ ಪಿನ್ ಸಡಿಲವಾಗಿ ರೋಧ ಇನ್ನಷ್ಟು ಹೆಚ್ಚುತ್ತದೆ. ಕೊನೆಗೆ ಪ್ಲಾಸ್ಟಿಕ್ ಕರಗುತ್ತದೆ. ಸ್ಟಾರ್ಟರ್ ಮೋಟಾರ್ ಹತ್ತಾರು ಆಂಪಿಯರ್ ಸೆಳೆಯುವುದರಿಂದ ಅದರ ಮಾರ್ಗದಲ್ಲಿ ಓಮ್‌ನ ಇಪ್ಪತ್ತನೆಯ ಒಂದು ಭಾಗದಷ್ಟು ರೋಧವಿದ್ದರೂ ಸಾಕು, ಹೊಸ ಬ್ಯಾಟರಿಯೂ ಹಳೆಯದರಂತೆಯೇ ಮುಗ್ಗರಿಸುತ್ತದೆ.

ಪತ್ತೆಯ ಕ್ರಮ

ಸಾಧಾರಣವಾದ ಒಂದು ಡಿಜಿಟಲ್ ಮಲ್ಟಿಮೀಟರ್ ಇದ್ದರೆ ಬಹುತೇಕ ದೋಷಗಳನ್ನು ಪತ್ತೆಹಚ್ಚಬಹುದು. ಆದರೆ ಪರೀಕ್ಷೆ ಕ್ರಮಬದ್ಧವಾಗಿರಬೇಕು.

ಮೊದಲನೆಯದಾಗಿ, ವಾಹನ ಕೆಲವು ಗಂಟೆ ವಿಶ್ರಾಂತಿ ಪಡೆದ ನಂತರ ಬ್ಯಾಟರಿಯ ವೋಲ್ಟೇಜ್ ಅಳೆಯಬೇಕು. ಪೂರ್ಣ ಚಾರ್ಜ್ ಆದ ಲೆಡ್ ಆಸಿಡ್ ಬ್ಯಾಟರಿ ಸುಮಾರು 12.6ರಿಂದ 12.8 ವೋಲ್ಟ್ ತೋರಿಸುತ್ತದೆ. ಸ್ಟಾರ್ಟರ್ ತಿರುಗುವಾಗ ಇದು 9.5 ವೋಲ್ಟ್‌ಗಿಂತ ಕೆಳಗಿಳಿದರೆ ಬ್ಯಾಟರಿಯನ್ನು ಶಂಕಿಸಬಹುದು.

ಎರಡನೆಯದಾಗಿ, ಇಂಜಿನ್ ಚಾಲೂ ಮಾಡಿ ಆಕ್ಸಿಲರೇಟರ್ ಸ್ವಲ್ಪ ಏರಿಸಿದಾಗ ಬ್ಯಾಟರಿಯ ತುದಿಗಳಲ್ಲಿ ಸಾಮಾನ್ಯವಾಗಿ 13.5ರಿಂದ 14.5 ವೋಲ್ಟ್ ಕಾಣಬೇಕು. ಏರದಿದ್ದರೆ ಚಾರ್ಜಿಂಗ್ ವ್ಯವಸ್ಥೆಯಲ್ಲಿ ದೋಷವಿದೆ. 15 ವೋಲ್ಟ್ ದಾಟಿದರೆ ರೆಗ್ಯುಲೇಟರನ್ನೂ ಅದರ ಅರ್ತ್ ತಂತಿಯನ್ನೂ ಪರೀಕ್ಷಿಸಬೇಕು.

ಮೂರನೆಯದು ಅತ್ಯಂತ ಮುಖ್ಯವಾದುದು, ಆದರೆ ಹೆಚ್ಚಾಗಿ ಕಡೆಗಣಿಸಲ್ಪಡುವುದು: ವೋಲ್ಟೇಜ್ ನಷ್ಟದ ಪರೀಕ್ಷೆ. ದೀಪ ಉರಿಯುತ್ತಿರುವಾಗಲೇ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ತುದಿಗೂ ಇನ್ನೊಂದನ್ನು ದೀಪದ ಅರ್ತ್ ತಂತಿಯ ತುದಿಗೂ ಇಡಬೇಕು. ಒಂದೆರಡು ಹತ್ತನೆಯ ವೋಲ್ಟ್‌ಗಿಂತ ಹೆಚ್ಚು ಕಂಡರೆ ಅರ್ತ್ ಮಾರ್ಗ ಕೆಟ್ಟಿದೆ ಎಂದರ್ಥ. ಅದೇ ರೀತಿ ಪಾಸಿಟಿವ್ ತುದಿಯಿಂದ ದೀಪಕ್ಕೆ ವಿದ್ಯುತ್ ತರುವ ತಂತಿಯ ತುದಿಯವರೆಗೆ ಅಳೆದಾಗ ಅರ್ಧ ವೋಲ್ಟ್‌ಗಿಂತ ಹೆಚ್ಚು ನಷ್ಟವಿದ್ದರೆ ಫ್ಯೂಸ್, ಇಗ್ನಿಷನ್ ಸ್ವಿಚ್, ಕನೆಕ್ಟರ್ ಎಂದು ಒಂದೊಂದೇ ಘಟ್ಟಕ್ಕೆ ಕಡ್ಡಿಯನ್ನು ಸರಿಸುತ್ತ ಬರಬೇಕು. ನಷ್ಟ ಎಲ್ಲಿ ಥಟ್ಟನೆ ಇಳಿಯುತ್ತದೆಯೋ ಅಲ್ಲಿಯೇ ದೋಷ. ತಂತಿಯನ್ನು ಬಿಚ್ಚಿ ರೋಧ ಮಾತ್ರ ಅಳೆದರೆ ಈ ದೋಷ ತಿಳಿಯದೆ ಹೋಗಬಹುದು. ಹತ್ತು ಎಳೆಗಳಲ್ಲಿ ಒಂಬತ್ತು ತುಂಡಾದ ತಂತಿಯೂ ಮೀಟರಿನ ಸೂಕ್ಷ್ಮ ಪ್ರವಾಹಕ್ಕೆ ದಾರಿ ಬಿಟ್ಟು ತಾನು ಸರಿಯಾಗಿರುವಂತೆಯೇ ತೋರುತ್ತದೆ.

ರಾತ್ರಿ ನಿಲ್ಲಿಸಿದ ವಾಹನ ಬೆಳಿಗ್ಗೆ ಚಾಲೂ ಆಗದಿದ್ದರೆ ಸೋರಿಕೆಯನ್ನು ಪರೀಕ್ಷಿಸಬೇಕು. ಕೀಲಿ ತೆಗೆದು, ನೆಗೆಟಿವ್ ತಂತಿಗೂ ಬ್ಯಾಟರಿಗೂ ನಡುವೆ ಮೀಟರನ್ನು ಆಂಪಿಯರ್ ಸ್ಥಾನದಲ್ಲಿ ಜೋಡಿಸಿದರೆ ಸಾಮಾನ್ಯವಾಗಿ ಕೆಲವೇ ಮಿಲಿಆಂಪಿಯರ್ ಕಾಣಬೇಕು. 50 ಮಿಲಿಆಂಪಿಯರ್ ಸೋರಿದರೆ 5 ಆಂಪಿಯರ್ ಅವರ್‌ನ ಬ್ಯಾಟರಿ ನೂರು ಗಂಟೆಗಳಲ್ಲಿ, ಅಂದರೆ ನಾಲ್ಕು ದಿನಗಳಲ್ಲಿ ಬರಿದಾಗುತ್ತದೆ. ಫ್ಯೂಸ್‌ಗಳನ್ನು ಒಂದೊಂದಾಗಿ ತೆಗೆದಾಗ ಯಾವುದರಿಂದ ಸೋರಿಕೆ ನಿಲ್ಲುವುದೋ ಆ ಮಾರ್ಗದಲ್ಲಿ ಹುಡುಕಿದರೆ ಸಾಕು. ಮೀಟರ್ ಹೀಗೆ ಜೋಡಿಸಿರುವಾಗ ಸೆಲ್ಫ್ ಒತ್ತಬಾರದು, ಮೀಟರ್ ಸುಟ್ಟುಹೋಗುತ್ತದೆ.

ದೋಷ ಹುಟ್ಟುವ ಸ್ಥಳಗಳು

ಹ್ಯಾಂಡಲ್ ತಿರುಗಿದಂತೆಲ್ಲ ಬಾಗುವ ಮುಂಭಾಗದ ತಂತಿಗಳು, ಟ್ಯಾಂಕಿನ ಕೆಳಗೆ ಚೌಕಟ್ಟಿಗೆ ಉಜ್ಜುವ ಕಟ್ಟು, ಸೀಟಿನಡಿಯ ಕನೆಕ್ಟರ್‌ಗಳು, ಹಿಂದಿನ ಮಡ್‌ಗಾರ್ಡಿನ ಒಳಗೆ ಕೆಸರು ಸಿಡಿಯುವೆಡೆಯ ತಂತಿಗಳು: ಮೊದಲು ನೋಡಬೇಕಾದವು ಇವು. ಕರಾವಳಿಯ ಉಪ್ಪುಗಾಳಿ ಮತ್ತು ಮಲೆನಾಡಿನ ದೀರ್ಘ ಮಳೆಗಾಲ ಕಿಲುಬನ್ನು ತ್ವರಿತಗೊಳಿಸುತ್ತವೆ. ಗೋದಾಮಿನಲ್ಲಿ ನಿಲ್ಲಿಸಿದ ವಾಹನದ ತಂತಿಗೆ ಇಲಿಯ ಕಾಟವೂ ಉಂಟು. ಸರ್ವಿಸ್ ಸ್ಟೇಷನ್ನಿನಲ್ಲಿ ಒತ್ತಡದ ನೀರನ್ನು ನೇರವಾಗಿ ಸ್ವಿಚ್ ಮತ್ತು ಕನೆಕ್ಟರ್‌ಗಳ ಮೇಲೆ ಹಾಯಿಸುವುದು ಇನ್ನೊಂದು ಕಾರಣ.

ಮನುಷ್ಯರು ತಂದುಕೊಳ್ಳುವ ದೋಷಗಳೂ ಕಡಿಮೆಯಲ್ಲ. 35 ವ್ಯಾಟ್‌ನ ಬಲ್ಬಿನ ಸ್ಥಾನದಲ್ಲಿ 100 ವ್ಯಾಟ್‌ನದನ್ನು ಹಾಕುವುದು, ಹೆಚ್ಚುವರಿ ದೀಪಗಳಿಗಾಗಿ ಮೂಲ ತಂತಿಯನ್ನು ಸೀಳಿ ತಿರುಚಿ ಟೇಪ್ ಸುತ್ತುವುದು ಇದಕ್ಕೆ ನಿದರ್ಶನಗಳು. ಇವೆಲ್ಲಕ್ಕಿಂತ ಅಪಾಯಕಾರಿಯಾದುದು, ಹೋದ ಫ್ಯೂಸಿನ ಬದಲು ತಂತಿಯ ತುಂಡನ್ನೋ ಹೆಚ್ಚು ಆಂಪಿಯರಿನ ಫ್ಯೂಸನ್ನೋ ಹಾಕುವುದು. ಫ್ಯೂಸ್ ಇರುವುದು ತಂತಿಯ ರಕ್ಷಣೆಗೆ. ಅದು ಉರಿಯದಿದ್ದರೆ ಪೆಟ್ರೋಲ್ ಟ್ಯಾಂಕಿನ ಕೆಳಗೆ ಹಾಯುವ ತಂತಿಯೇ ಉರಿಯುತ್ತದೆ.

ಮುನ್ನೆಚ್ಚರಿಕೆ

ಮಳೆಗಾಲಕ್ಕೆ ಮೊದಲು ಮತ್ತು ನಂತರ, ವರ್ಷಕ್ಕೆ ಎರಡು ಬಾರಿ ಕನೆಕ್ಟರ್‌ಗಳನ್ನು ಬಿಚ್ಚಿ ಸ್ವಚ್ಛಗೊಳಿಸಿ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಬೇಕು. ಬ್ಯಾಟರಿಯ ತುದಿಗಳನ್ನು ಬಿಗಿಗೊಳಿಸಿ ಪೆಟ್ರೋಲಿಯಂ ಜೆಲ್ಲಿ ಸವರಬೇಕು. ಅರ್ತ್ ಬೋಲ್ಟ್ ಕೂರುವೆಡೆ ತುಕ್ಕನ್ನೂ ಬಣ್ಣವನ್ನೂ ತೆಗೆದು ಲೋಹ ಹೊಳೆಯುವಂತೆ ಮಾಡಬೇಕು. ಹೆಚ್ಚುವರಿ ದೀಪ ಅಥವಾ ಹಾರ್ನ್ ಅನಿವಾರ್ಯವಾದರೆ, ಚಾರ್ಜಿಂಗ್ ವ್ಯವಸ್ಥೆಗೆ ಆ ಹೊರೆ ತಾಳುವ ಶಕ್ತಿಯಿದೆಯೇ ಎಂದು ನೋಡಿ, ಪ್ರತ್ಯೇಕ ಫ್ಯೂಸ್ ಮತ್ತು ರಿಲೇ ಮೂಲಕ ಜೋಡಿಸಬೇಕು. ಬ್ಯಾಟರಿ ಕಳಚುವಾಗ ನೆಗೆಟಿವ್ ತಂತಿಯನ್ನು ಮೊದಲು ಬಿಚ್ಚಿ, ಕೂರಿಸುವಾಗ ಕೊನೆಗೆ ಜೋಡಿಸುವುದು ಕ್ಷೇಮ. ಇಸಿಯು ತಂತಿಗಳಿಗೆ ಹಳೆಯ ಪದ್ಧತಿಯ ಬಲ್ಬ್ ಟೆಸ್ಟರ್ ಬಳಸಬಾರದು.

ಉದ್ದಿಮೆದಾರರ ಹೊಣೆ

ವೈರಿಂಗ್ ಹಾರ್ನೆಸ್ ಮತ್ತು ಬಿಡಿಭಾಗ ತಯಾರಿಸುವ ಕಿರು ಘಟಕಗಳಿಗೂ ಇದರಲ್ಲಿ ಪಾಠವಿದೆ. ಹಾರ್ನೆಸ್ಸಿನ ಗುಣಮಟ್ಟ ನಿರ್ಧಾರವಾಗುವುದು ಟರ್ಮಿನಲ್ ಅನ್ನು ತಂತಿಗೆ ಒತ್ತಿ ಹಿಡಿಸುವ ಕ್ರಿಂಪಿಂಗ್ ಹಂತದಲ್ಲಿ. ಎಳೆಗಳಿಗೆ ಪೆಟ್ಟಾಗದಂತೆ ಹೊದಿಕೆ ಸುಲಿಯುವುದು, ತಂತಿಯ ದಪ್ಪಕ್ಕೆ ತಕ್ಕ ಅಚ್ಚು ಬಳಸುವುದು, ಪ್ರತಿ ಬ್ಯಾಚಿನಿಂದ ಮಾದರಿ ತೆಗೆದು ಎಳೆದು ಪರೀಕ್ಷಿಸುವುದು ದುಬಾರಿ ಕ್ರಮಗಳೇನಲ್ಲ. ತಾಮ್ರದ ಲೇಪವಿರುವ ಅಲ್ಯೂಮಿನಿಯಂ ತಂತಿಯನ್ನು ತಾಮ್ರದ್ದೆಂದು ಮಾರುವವರಿಂದ ಖರೀದಿಸಿದರೆ ಬೆಲೆಯಲ್ಲಿ ಉಳಿದ ಹಣ ದೂರುಗಳ ರೂಪದಲ್ಲಿ ಹಿಂದಿರುಗುತ್ತದೆ. ವರ್ತಕರು ಸಹ ಕೊಳ್ಳುವ ಮುನ್ನ ತಂತಿಯ ತುದಿ ಕೆರೆದು ನೋಡುವುದು ಲೇಸು. ಒಳಗೆ ಬೆಳ್ಳಗೆ ಕಂಡರೆ ವಿಚಾರಿಸಬೇಕು.

ನಾಲ್ಕಾರು ವಾಹನಗಳನ್ನಿಟ್ಟುಕೊಂಡು ಸರಕು ಸಾಗಿಸುವ ಸಂಸ್ಥೆಗಳು ಪ್ರತಿ ವಾಹನಕ್ಕೂ ಒಂದು ಪುಸ್ತಕವಿಟ್ಟು, ತಿಂಗಳಿಗೊಮ್ಮೆ ವಿಶ್ರಾಂತ ವೋಲ್ಟೇಜ್ ಮತ್ತು ಚಾರ್ಜಿಂಗ್ ವೋಲ್ಟೇಜ್ ಬರೆದಿಡುವುದು ಉತ್ತಮ. ಅಂಕಿಗಳು ತಿಂಗಳಿಂದ ತಿಂಗಳಿಗೆ ಇಳಿಯುತ್ತಿದ್ದರೆ ಆ ವಾಹನವನ್ನು ಬಿಡುವಿನ ದಿನ ನೋಡಿ ದುರಸ್ತಿಗೆ ಕಳುಹಿಸಬಹುದು. ಹತ್ತು ನಿಮಿಷದ ಈ ಕೆಲಸದಿಂದ, ಸರಕು ಹೇರಿದ ವಾಹನ ನಡುದಾರಿಯಲ್ಲಿ ನಿಲ್ಲುವ ಸಂದರ್ಭಗಳನ್ನು ಬಹಳಷ್ಟು ತಪ್ಪಿಸಬಹುದಾಗಿದೆ.